ಖಾರದ ಗಿರಣಿಯ ಪಕ್ಕದ ಹಾರ್ಡ್ ಡಿಸ್ಕು

ನಮ್ಮ ಮನೆಯ ಕಂಪ್ಯೂಟರು ಕರೆಂಟು ಹೋದಾಗ ಮಾತ್ರ ಚುರುಕಾಗಿ ಓಡುತ್ತಿತ್ತು. ಹೀಗೆಂದರೆ ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, ಪಾಪ, ನಿವೃತ್ತಿಯಾದ ಮೇಲೆ ಹೀಗಾಗಿರಬೇಕು ಎಂದುಕೊಂಡು ಮಾತು ಬದಲಿಸುತ್ತಾರೆ. ನನ್ನ ಹೆಂಡತಿ ಸರೋಜಾ ಕೂಡ ಮೊದಲು ಹಾಗೆಯೇ ಮಾಡಿದಳು. ಅವಳು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಕರೆಂಟು ಹೋಯಿತೆಂದರೆ ಅಲ್ಲಿ ಎಲ್ಲರ ಎದೆ ಡವಗುಟ್ಟುತ್ತದೆ. ಕರೆಂಟು ಹೋಗಿ ಒಂದು ಯಂತ್ರಕ್ಕೆ ಒಳ್ಳೆಯದಾಯಿತು ಎಂಬ ಮಾತನ್ನು ಅಂಥವಳು ನಂಬುವುದಾದರೂ ಹೇಗೆ? ಆದರೆ ಅದು ನಿಜವಾಗಿತ್ತು. ಯಾಕೆ ನಿಜವಾಗಿತ್ತು ಎಂದು ತಿಳಿದುಕೊಳ್ಳಲು ಹೋಗಿ ನಾನು ಪಕ್ಕದ ಮನೆಯವರ ಜೊತೆ ಜಗಳವಾಡಿದೆ, ರಾಜಿಯಾದೆ, ಇಳಿವಯಸ್ಸಿನಲ್ಲಿ ಒಂದಿಷ್ಟು ವಿಜ್ಞಾನವನ್ನೂ ಕಲಿತೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಓದು-ಬರಹ ಎಂಬ ಜೋಡಿ ಪದವನ್ನು ತರಗತಿಯಲ್ಲಿ ಅದೆಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಎರಡೂ ಒಂದೇ ಎತ್ತಿನ ಎರಡು ಕೋಡು ಎಂಬಷ್ಟು ಸಲೀಸಾಗಿ ಹೇಳುತ್ತಿದ್ದೆ. ಓದುವುದು ಬೇರೆ ಕಸುಬು, ಬರೆಯುವುದು ಬೇರೆ ಕಸುಬು, ಒಂದಕ್ಕೆ ತಟ್ಟದ ಕಷ್ಟ ಇನ್ನೊಂದಕ್ಕೆ ತಟ್ಟುತ್ತದೆ ಎಂದು ಕಲಿಸಲು ಮನೆಯೊಳಗಿನ ಒಂದು ಕಬ್ಬಿಣದ ಡಬ್ಬಿ ಬೇಕಾಯಿತು.

ಇದೆಲ್ಲ ಶುರುವಾದದ್ದು ಒಂದು ಕ್ಯಾಸೆಟ್ಟಿನಿಂದ. ಕರ್ಜಗಿಯಲ್ಲಿ ನನ್ನ ಸೋದರತ್ತೆ ಗಂಗವ್ವ ಇದ್ದಾಳೆ. ಎಂಬತ್ತು ದಾಟಿದೆ. ಒಂದು ಕಾಲಕ್ಕೆ ಬೀಸುವ ಪದ, ಸೋಬಾನದ ಪದ ಎಂದರೆ ಸುತ್ತಲಿನ ಊರವರು ಅವಳ ಹೆಸರನ್ನೇ ಹೇಳುತ್ತಿದ್ದರು. ಈಗ ಗಂಟಲು ಕಟ್ಟಿ, ಮಾತೇ ಗೊರಗೊರ ಎನ್ನುತ್ತದೆ. ಅವಳ ಜೊತೆ ಎದುರು ಕೂತು ಬೀಸುವ ಕಲ್ಲಿನ ಗೂಟ ಹಿಡಿದು ಹಾಡುತ್ತಿದ್ದವಳು ಅವಳ ನೆಗೆಣ್ಣಿ ನೀಲವ್ವ, ಅಂದರೆ ಮೈದುನನ ಹೆಂಡತಿ. ಇಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದವರು. ಒಂದೇ ಒಲೆಯಲ್ಲಿ ಅಡುಗೆ ಮಾಡುವಾಗ ಇಬ್ಬರಿಗೂ ಯಾವತ್ತೂ ಸರಿಹೋಗಲಿಲ್ಲ, ಒಂದೇ ಕಲ್ಲಿನ ಮುಂದೆ ಕೂತಾಗ ಮಾತ್ರ ಒಂದೇ ಉಸಿರು. ಮನೆ ಪಾಲಾದ ಮೇಲೆ ಅಂಗಳದ ನಡುವೆ ಗೋಡೆ ಎದ್ದಿತು. ಮಾತು ನಿಂತಿತು. ಹಾಗೆ ನಿಂತ ಮಾತು ನೀಲವ್ವ ತೀರಿಕೊಳ್ಳುವ ತನಕ ಮತ್ತೆ ಶುರುವಾಗಲೇ ಇಲ್ಲ.

ಮನೆ ಒಂದಾಗಿದ್ದ ಕಾಲದಲ್ಲಿ ಅತ್ತೆಯ ಮಗ ಹುಬ್ಬಳ್ಳಿಯಿಂದ ಒಂದು ಟೇಪ್ ರೆಕಾರ್ಡರ್ ತಂದು, ಇಬ್ಬರೂ ಬೇಳೆ ಒಡೆಯುತ್ತ ಹಾಡಿದ್ದನ್ನು ಹಿಡಿದಿಟ್ಟಿದ್ದ. ಆ ಕ್ಯಾಸೆಟ್ಟನ್ನು ಅತ್ತೆ ಹಳೆಯ ಕುಬಸದ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಅದನ್ನು ನುಡಿಸುವ ಯಂತ್ರ ಎಂದೋ ಕೆಟ್ಟಿತ್ತು. ನಾನು ಹೋದಾಗ ಅದನ್ನು ನನ್ನ ಕೈಗೆ ಕೊಟ್ಟಳು.

“ನಿನ್ನ ಕಂಪೂಟರಿನ್ಯಾಗ ಇದು ಬರತೈತಿ ಅಂದ್ರಲ್ಲೋ ಚಂದ್ರೂ, ತಗೊಂಡು ಹೋಗಿ ಹಾಕ್ಕೊಂಡ ಬಾ.”

“ನಿನ್ನ ದನಿ ಕೇಳಬೇಕಂತ ಅನಸೇತೇನ ಅತ್ತೀ?”

“ನಂದೇನ್ ಕೇಳೂದೈತಿ, ದಿನಾ ಕೇಳಾಕತ್ತೇನಿ. ಆಕೀದ ಕೇಳಬೇಕು.”

ಆಕೆ ಯಾರು ಎಂದು ನಾನು ಕೇಳಲಿಲ್ಲ, ಅವಳೂ ಹೆಸರು ಹೇಳಲಿಲ್ಲ. ಗೋಡೆಯ ಆಚೆ ನೀಲವ್ವನ ಮೊಮ್ಮಗನ ಬೈಕು ನಿಂತಿತ್ತು.

ಬ್ಯಾಡಗಿಯಲ್ಲಿ ನಮ್ಮದು ಮಹಡಿಯ ಮನೆ. ಅದಕ್ಕೆ ಗೋಡೆ ಹಚ್ಚಿಕೊಂಡು ಮುಮ್ತಾಜಬಿಯ ಖಾರ ಕುಟ್ಟುವ ಗಿರಣಿ. ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ಒಂದಾದ ಮೇಲೊಂದು ಎದ್ದು ಬಿದ್ದು ಮೆಣಸಿನಕಾಯಿ ಕುಟ್ಟುತ್ತವೆ. ಸುಗ್ಗಿಯಲ್ಲಿ ಮುಂಜಾನೆಯಿಂದ ಸಂಜೆಯ ತನಕ ದಡ್ ದಡ್ ದಡ್. ನಮಗೆ ಅದು ಕೇಳಿಸುವುದೇ ಇಲ್ಲ; ಗಿರಣಿ ನಿಂತರೆ ಮಾತ್ರ, ಏನೋ ಆಯಿತಲ್ಲ ಎಂದು ತಲೆ ಎತ್ತುತ್ತೇವೆ. ಘಾಟು ಕೂಡ ಹಾಗೆಯೇ. ನೆಂಟರು ಮೆಟ್ಟಿಲು ಹತ್ತುವಾಗಲೇ ಸೀನುತ್ತಾರೆ, ಹಾಗಾಗಿ ನಮ್ಮ ಮನೆಗೆ ಕರೆಗಂಟೆ ಬೇಕಾಗಿಲ್ಲ.

ಸೆಲ್ಲಿನ ಮೇಲೆ ನಡೆಯುವ ಹಳೆಯ ಟೇಪ್ ರೆಕಾರ್ಡರ್ ಒಂದನ್ನು ಗೆಳೆಯರಿಂದ ಇಸಿದುಕೊಂಡೆ. ಅದು ಮುದಿಯಾದದ್ದು, ಅಲುಗಬಾರದೆಂದು ದಿಂಬಿನ ಮೇಲೆ ಮಲಗಿಸಿದೆ. ವೈರು ತಂದು ಕಂಪ್ಯೂಟರಿಗೆ ಚುಚ್ಚಿದೆ. ಕಂಪ್ಯೂಟರು ಗೋಡೆಗೆ ಒತ್ತಿ ನಿಲ್ಲಿಸಿದ ಕಬ್ಬಿಣದ ರ್‍ಯಾಕಿನ ಮೇಲಿತ್ತು. ಕ್ಯಾಸೆಟ್ಟು ಹಾಡಿತು, ಕಂಪ್ಯೂಟರು ಬರೆದುಕೊಂಡಿತು. ಆಮೇಲೆ ಕೇಳಿ ನೋಡಿದರೆ ಹಾಡಿನ ತುಂಬ ತೂತು. ಗಂಗವ್ವ ಒಂದು ಸಾಲು ಎತ್ತುತ್ತಾಳೆ, ನೀಲವ್ವ ಅದನ್ನು ಹಿಡಿಯುವಷ್ಟರಲ್ಲಿ ಮೌನ. ಮತ್ತೆ ಮುಂದಿನ ಸಾಲಿನ ಅರ್ಧಕ್ಕೆ ದನಿ ಬರುತ್ತದೆ. ಹಾಡಿನ ಕೊನೆಗಂತೂ ಬರೀ ನಿಶ್ಶಬ್ದ. ನಡುವೆ ಒಂದಿಷ್ಟು ಭಾಗ ಮಾತ್ರ ಹಾಲಿನಂತೆ ನಿರ್ಮಲವಾಗಿ ಬಂದಿತ್ತು. ಅದು ಯಾಕೆ ಹಾಗೆ ಬಂತೆಂದು ಆಗ ನಾನು ಯೋಚಿಸಲಿಲ್ಲ. ಕೆಟ್ಟದ್ದಕ್ಕೆ ಕಾರಣ ಹುಡುಕುವ ನಾವು ಒಳ್ಳೆಯದಕ್ಕೆ ಕಾರಣ ಕೇಳುವುದು ಕಡಿಮೆ.

ಕ್ಯಾಸೆಟ್ಟೇ ಹಾಳಾಗಿದೆ ಎಂದುಕೊಂಡು ಅದನ್ನೇ ಮತ್ತೊಮ್ಮೆ ಕಿವಿಗಿಟ್ಟು ಕೇಳಿದೆ. ಇಲ್ಲ, ಕ್ಯಾಸೆಟ್ಟಿನಲ್ಲಿ ನೀಲವ್ವ ಸರಿಯಾಗಿಯೇ ಹಾಡುತ್ತಿದ್ದಳು. ಆದರೆ ಟೇಪು ಕೀರಲು ದನಿ ಹೊರಡಿಸಿತು, ಟೇಪು ಉಜ್ಜಿಕೊಂಡು ಹೋಗುವ ರೆಕಾರ್ಡರಿನ ಹೆಡ್ಡಿನ ಮೇಲೆ ಕಂದು ಪುಡಿ ಉದುರಿತ್ತು. ಗಾಬರಿಯಾಗಿ ಅರ್ಧಕ್ಕೇ ನಿಲ್ಲಿಸಿಬಿಟ್ಟೆ.

ಕ್ಯಾಸೆಟ್ಟು ಮತ್ತು ಕಂಪ್ಯೂಟರು ಎರಡನ್ನೂ ಹೊತ್ತುಕೊಂಡು ಹಾವೇರಿಗೆ ಹೋದೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಬಸವರಾಜ ನನ್ನ ಹಳೆಯ ವಿದ್ಯಾರ್ಥಿ. ಟೇಪಿನ ಪುಡಿ ನೋಡಿ ತಲೆ ಅಲ್ಲಾಡಿಸಿದ.

“ಸರ್, ಇದನ್ನ ಇನ್ನೊಂದು ಸಲ ಹಚ್ಚಬಹುದು. ಅದರಾಚೆ ನಾ ಗ್ಯಾರಂಟಿ ಕೊಡಂಗಿಲ್ರಿ. ಬಳಿದಿದ್ದ ಬಣ್ಣಾನ ಉದುರಾಕತ್ತೈತಿ. ಹಾಡು ಇರೂದು ಆ ಬಣ್ಣದಾಗ.”

ಆಮೇಲೆ ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಒಳಗೆ ಕೆಂಪು ಧೂಳು. ಗಾಳಿ ಊದಿದ್ದೇ ತಡ, ಅವನೂ ನಾನೂ ಅಂಗಡಿಗೆ ಬಂದಿದ್ದ ಗಿರಾಕಿಯೂ ಸೇರಿ ಸೀನಿದೆವು. ಅಲ್ಲೇ ಪರೀಕ್ಷೆ ಮಾಡಿದರೆ ಕಂಪ್ಯೂಟರು ಹರಿಣದಂತೆ ಓಡಿತು. ಓದುವುದೂ ಲಗೂ, ಬರೆಯುವುದೂ ಲಗೂ. ಡಾಕ್ಟರ ಎದುರು ಕೂತ ತಕ್ಷಣ ಕೆಮ್ಮು ನಿಲ್ಲಿಸುವ ರೋಗಿಗಳಿರುತ್ತಾರಲ್ಲ, ಹಾಗೆ. ಧೂಳಿನದೇ ದೋಷ ಎಂದು ತೀರ್ಮಾನಿಸಿ ಮನೆಗೆ ತಂದೆ. ರ್‍ಯಾಕಿನ ಮೇಲಿಟ್ಟೆ. ಬೇರೊಂದು ಕ್ಯಾಸೆಟ್ಟಿನಿಂದ ಒಂದು ಹಳೆಯ ಹಾಡನ್ನು ಇಳಿಸಿ ನೋಡಿದೆ. ಮತ್ತೆ ತೂತು.

ಧೂಳು ಅಷ್ಟು ಬೇಗ ತುಂಬಿತೇ? ನನ್ನ ಸಿಟ್ಟು ನೇರವಾಗಿ ಗೋಡೆಯಾಚೆಗೆ ಹೋಯಿತು. ಮೆಟ್ಟಿಲಿಳಿದು ಗಿರಣಿಯ ಬಾಗಿಲಲ್ಲಿ ನಿಂತು, ಖಾರದ ಧೂಳು ನಮ್ಮ ಮನೆಗೆ ಬರುತ್ತಿದೆ, ಪರದೆ ಕಟ್ಟಿಸಬೇಕು ಎಂದೆ. ಮುಮ್ತಾಜಬಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ತಾವೇ ನಡೆಸುತ್ತಿರುವ ಗಟ್ಟಿ ಹೆಂಗಸು.

“ಮಾಸ್ತರ್ರ, ಪರದೆ ಹೋದ ವರ್ಷಾನ ಕಟ್ಟಿಸೇನ್ರಿ, ಕಾಣಾಕತ್ತಿಲ್ಲೇನು? ಊರಾಗೆಲ್ಲಾ ಖಾರ ಐತಿ. ನಿಮ್ಮ ಕಂಪ್ಯೂಟರಿಗೆ ಹೊಕ್ಕಿದ್ದು ನನ್ನ ಖಾರಾನ ಅಂತ ರುಚಿ ನೋಡಿ ಹೇಳತೀರೇನು?”

ಕುಟ್ಟಿಸಲು ಬುಟ್ಟಿ ಹಿಡಿದು ನಿಂತ ಹೆಂಗಸರು ನಕ್ಕರು. ನಾನು ಏನೋ ಗೊಣಗಿ ಮೇಲೆ ಬಂದೆ. ಅಂದಿನಿಂದ ಅವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಸರೋಜಾ ಖಾರ ಕುಟ್ಟಿಸಲು ಹೋದಾಗ ಮಾತ್ರ ಮೊದಲಿನ ಹಾಗೇ ಮಾತನಾಡಿಸಿ ಕಳಿಸುತ್ತಿದ್ದರಂತೆ. ಸಿಟ್ಟನ್ನು ಕೂಡ ಎಷ್ಟು ಅಚ್ಚುಕಟ್ಟಾಗಿ ಗುರಿಯಿಡುತ್ತಾರೆ ನೋಡಿ.

ಇದಾದ ಮೇಲೆ ಒಂದು ಮಧ್ಯಾಹ್ನ ಮದುವೆಯೊಂದರ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸುತ್ತ ಕೂತಿದ್ದೆ. ಪರದೆಯ ಮೇಲಿನ ಹಸಿರು ಪಟ್ಟಿ ಬಸವನಹುಳುವಿನಂತೆ ತೆವಳುತ್ತಿತ್ತು. ಫಕ್ಕನೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಗಿರಣಿ ನಿಂತಿತು. ಕಂಪ್ಯೂಟರಿಗೆ ತುಸು ಹೊತ್ತು ಬ್ಯಾಟರಿಯ ಕರೆಂಟು ಕೊಡುವ ಯುಪಿಎಸ್ ಕೀಚ್ ಕೀಚ್ ಎನ್ನತೊಡಗಿತು. ಇನ್ನೇನು ಎಲ್ಲ ಬಂದ್ ಮಾಡಬೇಕು ಎನ್ನುವಷ್ಟರಲ್ಲಿ ನೋಡುತ್ತೇನೆ, ಹಸಿರು ಪಟ್ಟಿ ಸರ್ರನೆ ಓಡಿ ಕೊನೆ ಮುಟ್ಟಿಬಿಟ್ಟಿದೆ! ಆಗ ನೆನಪಾಯಿತು. ಕ್ಯಾಸೆಟ್ಟು ಇಳಿಸುವಾಗಲೂ ನಡುವೆ ಒಮ್ಮೆ ಕರೆಂಟು ಹೋಗಿತ್ತು. ಹಾಲಿನಂತೆ ಬಂದದ್ದು ಆ ಭಾಗವೇ ಇರಬೇಕು.

ಸಂಜೆ ಸರೋಜಾ ಬಂದಾಗ ಹೇಳಿದೆ. ಮೊದಲು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ರ್‍ಯಾಕಿನ ಹತ್ತಿರ ಹೋಗಿ ನಿಂತಳು. ಕರೆಂಟು ಬಂದು ಗಿರಣಿ ಮತ್ತೆ ಶುರುವಾಗಿತ್ತು. ರ್‍ಯಾಕಿನ ಮೇಲಿಟ್ಟ ನೀರಿನ ಲೋಟದಲ್ಲಿ ಉಂಗುರ ಉಂಗುರವಾಗಿ ಅಲೆ ಏಳುತ್ತಿತ್ತು.

“ಅಲ್ರೀ, ಟೇಪಿಗೆ ದಿಂಬು ಹಾಕಿ ಮಲಗಿಸೀರಿ, ಕಂಪ್ಯೂಟರಿನ್ನ ಗಿರಣಿ ತೊಡಿ ಮ್ಯಾಲೆ ಕುಂಡ್ರಿಸೀರಲ್ಲ!” ಎಂದಳು. “ನಮ್ಮಲ್ಲಿ ಲಾರಿ ಇಂಜಿನ್ ಬಂದ್ ಮಾಡದ ತೂಕ ಮಾಡಿದ್ರ ಕಾಟಾದ ಅಂಕಿ ನಿಲ್ಲಂಗೇ ಇಲ್ಲ. ಹಂಗ ಇದಕ್ಕೂ ನಡುಕದ ತ್ರಾಸು ಇರಬೇಕು.”

ಊಹೆ ಚೆನ್ನಾಗಿತ್ತು. ಆದರೆ ಪರೀಕ್ಷಿಸಬೇಕಾದರೆ ಗಿರಣಿ ನಮ್ಮ ಮಾತಿನಂತೆ ನಿಲ್ಲಬೇಕು, ನಡೆಯಬೇಕು. ಅಂದರೆ ಮುಮ್ತಾಜಬಿಯ ಮುಂದೆ ಹೋಗಿ ನಿಲ್ಲಬೇಕು. ರಾತ್ರಿಯಿಡೀ ಮಾತು ಜೋಡಿಸಿಕೊಂಡು ಮುಂಜಾನೆ ಹೋದೆ.

“ತಪ್ಪಾತ್ರಿ. ಖಾರದ ಧೂಳಿಂದಲ್ಲ ಅಂತ ಅನಸಾಕತ್ತೈತಿ,” ಎಂದೆ.

“ಹಂಗಾರ ಯಾರದಂತ?”

“ನಿಮ್ಮ ಒನಕೀದು.”

ಒಂದು ಕ್ಷಣ ನನ್ನನ್ನು ದಿಟ್ಟಿಸಿ ನೋಡಿದರು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಅವರ ಮುಖದಲ್ಲಿ ಬಂದದ್ದು ಕುತೂಹಲ. “ಒನಕಿ ಈ ಕಡಿ, ಕಂಪ್ಯೂಟರ್ ಆ ಕಡಿ. ನಡುವ ಗೋಡಿ ಐತಿ. ಖರೇ ಹೇಳತೀರೇನು? ತಡೀರಿ, ನಾನೂ ಬರತೇನಿ, ನೋಡೂನು.”

ಗಿರಣಿಯಲ್ಲಿ ಆಳು ಹನುಮಂತನನ್ನು ಬಿಟ್ಟು, ಫೋನು ಹಿಡಿದುಕೊಂಡು ಅವರೂ ಮೇಲೆ ಬಂದರು. ಸರೋಜಾ ಆ ದಿನ ಆಫೀಸಿಗೆ ತಡವಾಗಿ ಹೋದಳು. ಮೂವರೂ ಪರದೆಯ ಮುಂದೆ ಕೂತೆವು. ಕಂಪ್ಯೂಟರಿನಲ್ಲಿ ಓದುವ ವೇಗ, ಬರೆಯುವ ವೇಗ ಎರಡನ್ನೂ ಗೆರೆಯಾಗಿ ತೋರಿಸುವ ಕಿಂಡಿಯೊಂದಿದೆ ಎಂದು ಬಸವರಾಜ ಫೋನಿನಲ್ಲಿ ಹೇಳಿಕೊಟ್ಟಿದ್ದ. ಅದನ್ನು ತೆರೆದೆ. ದೊಡ್ಡದೊಂದು ಫೈಲನ್ನು ಬರೆಯಲು ಹಚ್ಚಿದೆ.

“ಹಚ್ಚೋ ಹನುಮಂತಾ,” ಎಂದರು ಮುಮ್ತಾಜಬಿ ಫೋನಿನಲ್ಲಿ. ದಡ್ ದಡ್ ಶುರುವಾಯಿತು. ಗುಡ್ಡದ ಮೇಲಿದ್ದ ಗೆರೆ ಕಂದಕಕ್ಕೆ ಬಿತ್ತು. “ಬಂದ್ ಮಾಡು.” ಗೆರೆ ಮತ್ತೆ ಗುಡ್ಡ ಹತ್ತಿತು. “ಹಚ್ಚು.” ಬಿತ್ತು. “ಬಂದ್.” ಎದ್ದಿತು.

“ಯಾ ಅಲ್ಲಾ! ನನ್ನ ಗಿರಣಿ ಇದರಾಗ ಚಿತ್ರ ತಗಿಯಾಕತ್ತೈತಲ್ರಿ!” ಎಂದು ಅವರು ಮಗುವಿನಂತೆ ಖುಷಿಪಟ್ಟರು. ಆಮೇಲೆ ಅವರೇ ಒಂದು ಸಂಶಯ ತೆಗೆದರು. “ಬರಿಯೂದು ನಿಂತಿತು, ಸರಿ. ಓದೂದು?”

ಅದೂ ನೋಡಿದೆವು. ಫೈಲನ್ನು ಓದಲು ಹಚ್ಚಿ ಗಿರಣಿ ನಡೆಸಿದರೆ ಗೆರೆ ಸ್ವಲ್ಪ ತಗ್ಗಿತು, ಅಲ್ಲಲ್ಲಿ ಕುಂಟಿತು, ಆದರೆ ನಡೆಯುತ್ತಲೇ ಇತ್ತು. ಅದೇ ಡಿಸ್ಕು, ಅದೇ ನಡುಕ. ಓದುವಾಗ ಕುಂಟುವುದು ಬರೆಯುವಾಗ ಯಾಕೆ ಕೂತೇ ಬಿಡುತ್ತದೆ? ಈ ಪ್ರಶ್ನೆ ನನ್ನ ತಲೆ ಹೊಕ್ಕಿತು. ಹಾಡು, ಕ್ಯಾಸೆಟ್ಟು, ಅತ್ತೆ ಎಲ್ಲ ಹಿಂದೆ ಸರಿದವು. ಹೊತ್ತಿಲ್ಲದ ಹೊತ್ತಿನಲ್ಲಿ ಬಸವರಾಜನಿಗೆ ಫೋನು ಮಾಡಿ ಅವನ ತಲೆ ತಿಂದೆ.

ಅವನು ತಾಳ್ಮೆಯಿಂದ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆ ಗಿರಗಿರನೆ ತಿರುಗುತ್ತಿರುತ್ತದೆ. ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಅಂತರದಲ್ಲಿ ಒಂದು ಮುಳ್ಳು ತೇಲುತ್ತಿರುತ್ತದೆ. ತಟ್ಟೆಯ ಮೇಲೆ ಮಾಹಿತಿ ಸಾಲುಸಾಲಾಗಿ ಇದೆ, ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಜಾಗ ಇಲ್ಲವೆನ್ನುವಷ್ಟು ಒತ್ತಾಗಿ. ನಡುಕ ಬಂದರೆ ಮುಳ್ಳು ಸಾಲು ತಪ್ಪುತ್ತದೆ. ಓದುವಾಗ ತಪ್ಪಿದರೆ ನಷ್ಟವಿಲ್ಲ, ತಟ್ಟೆ ಇನ್ನೊಂದು ಸುತ್ತು ಬಂದಾಗ ಮತ್ತೆ ನೋಡಿಕೊಂಡರಾಯಿತು. ಬರೆಯುವಾಗ ತಪ್ಪಿದರೆ ಪಕ್ಕದ ಸಾಲಿನಲ್ಲಿ ಇದ್ದದ್ದು ಅಳಿಸಿಹೋಗುತ್ತದೆ. ಹಾಗಾಗಿ ಮುಳ್ಳು ಒಂದಿಷ್ಟು ಅಲುಗಿದರೂ ಡಿಸ್ಕು ಕೈ ತಡೆಯುತ್ತದೆ. ಸ್ಥಿರವಾಗುವ ತನಕ ಒಂದಕ್ಷರವನ್ನೂ ಬರೆಯುವುದಿಲ್ಲ. ಅಷ್ಟರಲ್ಲಿ ಕ್ಯಾಸೆಟ್ಟು ನಿಲ್ಲದೆ ಹಾಡುತ್ತಿರುತ್ತದೆ. ಕಂಪ್ಯೂಟರು ಆ ಹಾಡನ್ನು ತುಸು ಹೊತ್ತು ಕೈಯಲ್ಲಿ ಹಿಡಿದುಕೊಂಡು ನೋಡುತ್ತದೆ, ಕೈ ತುಂಬಿದ ಮೇಲೆ ಚೆಲ್ಲಿಬಿಡುತ್ತದೆ. ನೀಲವ್ವ ಚೆಲ್ಲಿಹೋದದ್ದು ಹೀಗೆ.

ಕೆಲಸದಲ್ಲಿದ್ದಾಗ ಗುತ್ತಲದ ಶಾಲೆಗೆ ಹೋಗುವ ಬಸ್ಸಿನಲ್ಲಿ ಕೂತು ನಾನು ಎಷ್ಟು ಸಲ ಪೇಪರು ಓದಿಲ್ಲ! ರಸ್ತೆ ಕುಣಿಸಿದಂತೆ ಸಾಲು ತಪ್ಪುತ್ತದೆ, ಮತ್ತೆ ಹುಡುಕಿ ಓದುತ್ತೇವೆ. ಅದೇ ಬಸ್ಸಿನಲ್ಲಿ ಒಮ್ಮೆ ಮಕ್ಕಳ ಉತ್ತರ ಪತ್ರಿಕೆ ತಿದ್ದಲು ಹೋಗಿ, ಒಬ್ಬನ ಸರಿ ಉತ್ತರದ ಮೇಲೆ ಉದ್ದಕ್ಕೂ ಕೆಂಪು ಗೆರೆ ಎಳೆದುಬಿಟ್ಟಿದ್ದೆ. ನಮ್ಮ ಪೂರ್ವಿಕರಿಗೂ ಇದು ಗೊತ್ತಿದ್ದಿರಬೇಕು. ಓಲೆಗರಿಯನ್ನು ಗಾಡಿಯಲ್ಲಿ ಕೂತು ಓದಬಹುದು, ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆಯಲು ಮಾತ್ರ ಅಲುಗದ ಮೊಣಕಾಲು ಬೇಕು. ಇನ್ನು ಶಾಸನದ ಕಲ್ಲು. ಬರೆಯುವುದಕ್ಕೆ ಅದರಷ್ಟು ನಿಧಾನದ್ದು ಇನ್ನೊಂದಿಲ್ಲ, ಅಕ್ಷರಕ್ಕೊಂದು ಚಾಣದ ಪೆಟ್ಟು. ಬರೆದ ಮೇಲೆ ಪಕ್ಕದಲ್ಲಿ ಎಷ್ಟು ಗಿರಣಿ ನಡೆದರೂ ಅದು ಕೇರ್ ಮಾಡುವುದಿಲ್ಲ. ಕ್ಯಾಸೆಟ್ಟಿನದು ಬೇರೆ ಹಟ. ಮೂರನೆಯ ಹಾಡು ಬೇಕೆಂದರೆ ಮೊದಲೆರಡನ್ನು ದಾಟಿಯೇ ಹೋಗಬೇಕು. ಒಂದೊಂದು ವಸ್ತುವಿಗೂ ಒಂದೊಂದು ಗುಣ, ಅದರ ಗುಣದಂತೆ ಅದರ ನಡಿಗೆ.

ಸರೋಜಾ ಕಂಪ್ಯೂಟರನ್ನು ಎದುರುಗೋಡೆಗೆ ಸಾಗಿಸಿ, ಕೆಳಗೆ ಹಳೆಯ ಕೌದಿ ಮಡಿಸಿ ಹಾಕಿದಳು. ಅರ್ಧದಷ್ಟು ಗುಣ ಕಂಡಿತು. ಪೂರ್ತಿ ಗುಣವಾಗಬೇಕಾದರೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ಹಾಕಿಸಿ ಎಂದ ಬಸವರಾಜ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ತೇಲುವ ಮುಳ್ಳಿಲ್ಲ. ಅಲುಗಲು ಏನೂ ಇಲ್ಲದ ಮೇಲೆ ನಡುಕ ಏನು ಮಾಡೀತು? ಹಾಕಿಸಿದೆ. ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಏಳತೊಡಗಿತು.

ಹೊಸದಕ್ಕೂ ಅದರದೇ ಚಾಳಿಗಳಿದ್ದವು. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಅದಕ್ಕೆ ಸಾಗಿಸುವಾಗ ಮೊದಮೊದಲು ಕುದುರೆಯಂತೆ ಓಡಿತು, ಆಮೇಲೆ ಇದ್ದಕ್ಕಿದ್ದಂತೆ ನಡಿಗೆಗೆ ಇಳಿಯಿತು. ಗಿರಣಿ ಆಗ ನಿಂತಿತ್ತು, ಅದರ ಮೇಲೆ ಹಾಕುವಂತಿರಲಿಲ್ಲ. ಕೇಳಿ ತಿಳಿದೆ: ಅದರ ಬಾಗಿಲ ಬಳಿ ಒಂದು ಕಟ್ಟೆ ಇದೆಯಂತೆ. ಬಂದ ಮಾಲನ್ನು ಲಗೂ ಆ ಕಟ್ಟೆಯ ಮೇಲೆ ಇಳಿಸಿಕೊಂಡು, ಬಿಡುವಾದಾಗ ಒಳಗೆ ಜೋಡಿಸುತ್ತದೆ. ಕಟ್ಟೆ ತುಂಬಿದರೆ ಹಿಂದಿನ ಲಾರಿಗಳು ಸಾಲುಗಟ್ಟಬೇಕು. ಸುಗ್ಗಿಯಲ್ಲಿ ನಮ್ಮ ಮಾರ್ಕೆಟ್ ಯಾರ್ಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು: ಅದರಲ್ಲಿ ಬರೆದದ್ದರ ಮೇಲೆ ಬರೆಯಲಾಗುವುದಿಲ್ಲ. ಮೊದಲು ಅಳಿಸಬೇಕು. ಅಳಿಸುವುದೆಂದರೆ ಒಂದೆರಡು ಸಾಲಲ್ಲ, ಒಂದು ಇಡೀ ಖಾನೆ. ಅದರಲ್ಲಿ ಉಳಿಯಬೇಕಾದದ್ದನ್ನು ಬೇರೆಡೆ ಸಾಗಿಸಿ, ಖಾನೆ ಖಾಲಿ ಮಾಡಿ, ಆಮೇಲೆ ಬರೆಯಬೇಕು. ಹಾಗಾಗಿ ತುಂಬಾ ತುಂಬಿದ್ದರೆ ಬರೆಯುವುದು ನಿಧಾನ, ಓದುವುದಕ್ಕೆ ಅದರ ಗೊಡವೆಯಿಲ್ಲ.

“ನಮ್ಮ ಕೋಲ್ಡ್ ಸ್ಟೋರೇಜಿನ್ಯಾಗ ಬ್ಯಾರೆ ಏನ್ ಐತ್ರಿ?” ಎಂದಳು ಸರೋಜಾ. “ಚೀಲಾ ಎಣಿಸಬೇಕಂದ್ರ ಬಾಗಿಲದಾಗ ನಿಂತು ಎಣಿಸಬಹುದು. ತಳದಾಗಿನ ಒಂದು ಚೀಲಾ ಬದಲಿ ಮಾಡಬೇಕಂದ್ರ ಮ್ಯಾಲಿನವೆಲ್ಲಾ ಇಳಸಬೇಕು. ಜಾಗಾ ಖಾಲಿ ಇರಲಿಲ್ಲಂದ್ರ ಇಳಿಸಿ ಎಲ್ಲಿ ಇಡತೀರಿ?”

ಹೀಗೆ ನಾನು ವೇಗಗಳ ಲೋಕದಲ್ಲಿ ಮುಳುಗಿ, ಗೆರೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಸುಖವಾಗಿದ್ದೆ. ಕರ್ಜಗಿಯಿಂದ ಫೋನು ಬಂತು. ಅತ್ತೆಯ ಸೊಸೆ ಲಲಿತಾ ಮಾತನಾಡಿದಳು. “ಮಾವಾರ, ಅತ್ತಿಗೆ ಈಗೀಗ ಕಿವಿ ಭಾಳ ಮಂದ ಆಗಾಕತ್ತೇತ್ರಿ. ಹಾಡು ಹಾಡು ಅಂತ ದಿನಾ ಕೇಳತಾರ. ಕೇಳೂದಾದ್ರ ಈಗಾ ಕೇಳಬೇಕು ನೋಡ್ರಿ.”

ಯಂತ್ರದ ಓದು-ಬರಹ ಸರಿ ಮಾಡುತ್ತ ಕೂತವನು, ಕೇಳುವ ಕಿವಿಗೂ ಒಂದು ಗಡುವಿದೆ ಎಂಬುದನ್ನು ಮರೆತಿದ್ದೆ.

ಮರುದಿನವೇ ಕ್ಯಾಸೆಟ್ಟು ಹಚ್ಚುವುದೆಂದು ತೀರ್ಮಾನವಾಯಿತು. ಇರುವುದು ಒಂದೇ ಅವಕಾಶ. ವಿಷಯ ತಿಳಿದ ಮುಮ್ತಾಜಬಿ, ಹಾಡು ಮುಗಿಯುವ ತನಕ ಗಿರಣಿ ನಿಲ್ಲಿಸುತ್ತೇನೆ ಎಂದರು.

“ಬ್ಯಾಡ್ರಿ, ಸುಗ್ಗಿ ದಿನ. ಈ ಹೊಸಾದಕ್ಕ ನಡುಕ ತಟ್ಟಂಗಿಲ್ಲ,” ಎಂದೆ.

“ನಿಮ್ಮ ಹೊಸಾದರ ಮ್ಯಾಲೆ ನನಗ ಸಂಶೇ ಇಲ್ರಿ. ಆದ್ರ ಆ ಟೇಪು ಮತ್ತ ಹಾಡಂಗಿಲ್ಲ ಅಂದ್ರಲ್ಲ? ಮಂದಿ ಒಂದೀಟು ನಿಂದರತಾರ ಬಿಡ್ರಿ.”

ಗಿರಣಿ ನಿಂತಿತು. ಓಣಿಯೇ ತಲೆ ಎತ್ತಿ ನೋಡಿತು. ಮುಮ್ತಾಜಬಿ ನಮ್ಮ ಹೊಸ್ತಿಲ ಹತ್ತಿರ ಕೂತರು. ಕುಟ್ಟಿಸಲು ಬಂದ ಇಬ್ಬರು ಹೆಂಗಸರು ಬುಟ್ಟಿಗಳನ್ನು ಮೆಟ್ಟಿಲ ಮೇಲಿಟ್ಟು ಅಲ್ಲೇ ಕೂತುಕೊಂಡರು. ಗುಂಡಿ ಒತ್ತಿದೆ. ಟೇಪು ಕಿರುಗುಟ್ಟಿತು, ಆಮೇಲೆ ಹಾದಿಗೆ ಬಂತು. ಕಲ್ಲು ತಿರುಗುವ ಗುರ್ರ್ ಸದ್ದು, ಅದರ ಮೇಲೆ ಗಂಗವ್ವನ ಎಳೆಯ, ಎತ್ತರದ ದನಿ. ತವರಿನ ದಾರಿಯನ್ನು ನೆನೆಯುವ ಹಾಡು. ಅವಳು ಬಿಟ್ಟಲ್ಲಿ ನೀಲವ್ವ ಹಿಡಿಯುತ್ತಾಳೆ, ಸ್ವಲ್ಪ ಕೆಳಗಿನ ಸ್ವರದಲ್ಲಿ, ಅವಸರವಿಲ್ಲದೆ. ಎಲ್ಲರೂ ಹಾಡಿಗೆ ಕಿವಿಗೊಟ್ಟಿದ್ದರು. ನಾನು ಮಾತ್ರ ಹಾಡು ಕೇಳುವುದನ್ನು ಬಿಟ್ಟು ಬರೆಯುವ ಗೆರೆಯನ್ನೇ ನೋಡುತ್ತಿದ್ದೆ. ಅದು ಕದಲಲಿಲ್ಲ.

ಹಾಡು ಮುಗಿಯಿತು. ಮುಮ್ತಾಜಬಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. “ನಮ್ಮ ಅಮ್ಮೀನೂ ಬೀಸಾಕಿ ಇದ್ಲು. ಆಕೀದು ಯಾರೂ ಹಿಡಿದಿಡಲಿಲ್ಲ,” ಎಂದು ಹೇಳಿ ಕೆಳಗಿಳಿದು ಹೋದರು. ತುಸು ಹೊತ್ತಿಗೆ ದಡ್ ದಡ್ ಶುರುವಾಯಿತು. ಟೇಪು ಇನ್ನೂ ತಿರುಗುತ್ತಿತ್ತು. ಮುಟ್ಟಿದರೆ ಎಲ್ಲಿ ಹರಿದೀತೋ ಎಂಬ ಭಯದಿಂದ ಅದು ತಾನಾಗಿ ಟಕ್ಕೆಂದು ನಿಲ್ಲುವ ತನಕ ಬಿಟ್ಟೆ. ಒನಕೆಯ ಸದ್ದಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಗೆರೆ ಮಾತ್ರ ಕಂದಕಕ್ಕೆ ಬೀಳದೆ ನೆಟ್ಟಗೆ ಹೋಗುತ್ತಿತ್ತು. ಆ ಗೆರೆ ನೋಡಿಯೇ ನಾನು ಹಿಗ್ಗಿದೆ.

ಆ ದಿನ ಸಂಜೆಗೇ ಸರೋಜಾ ಮತ್ತು ನಾನು ಹಾವೇರಿಗೆ ಹೋಗಿ ಅಲ್ಲಿಂದ ಕರ್ಜಗಿಯ ಬಸ್ಸು ಹಿಡಿದೆವು. ಪೆನ್‌ಡ್ರೈವ್ ಜೇಬಿನಲ್ಲಿತ್ತು, ಸಣ್ಣದೊಂದು ಸ್ಪೀಕರು ಚೀಲದಲ್ಲಿ. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಸ್ಪೀಕರನ್ನು ಅವಳ ಕಿವಿಯ ಹತ್ತಿರವೇ ಇಟ್ಟೆ. ಗುರ್ರ್ ಎಂದು ಕಲ್ಲು ತಿರುಗಿದ ಕೂಡಲೇ ಅವಳ ಬಲಗೈ ತಾನಾಗಿ ಮುಷ್ಟಿ ಕಟ್ಟಿತು, ಗೂಟ ಹಿಡಿದಂತೆ. ತನ್ನ ದನಿ ಬಂದಾಗ ಅವಳು ಅಷ್ಟಾಗಿ ಗಮನ ಕೊಡಲಿಲ್ಲ. ನೀಲವ್ವ ಹಿಡಿದಾಗಲೆಲ್ಲ ಕಣ್ಣು ಮುಚ್ಚಿದಳು. ಒಂದು ಕಡೆ, “ಇಲ್ಲಿ ಜಗ್ಗಿದ್ಲು ನೋಡು, ಯಾವಾಗ್ಲೂ ಇಲ್ಲೇ ಜಗ್ಗಾಕಿ,” ಎಂದು ಬೈದಳು.

ಹಾಡು ಮುಗಿಯಿತು. ನಾನು ಬಂದ್ ಮಾಡಲು ಕೈ ಚಾಚಿದೆ. ಸರೋಜಾ ನನ್ನ ಕೈ ಹಿಡಿದಳು. ಮೌನದೊಳಗೆ ಏನೋ ಸದ್ದು ಇತ್ತು. ಕೋಳಿಯೊಂದು ಕೊಕ್ಕೊಕ್ ಎಂದಿತು. ಬಳೆಯ ಸದ್ದು, ಯಾರೋ ಏಳುವಾಗ ಬಿಟ್ಟ ಉಸಿರು. ಆಮೇಲೆ ಸ್ಪಷ್ಟವಾಗಿ, ಪಕ್ಕದಲ್ಲೇ ನಿಂತು ಕೇಳಿದ ಹಾಗೆ, ನೀಲವ್ವನ ದನಿ:

“ಆತೇನ ಗಂಗವ್ವಾ? ಚಾ ಇಡ್ಲೇನ?”

ಗಿರಣಿಯ ಒನಕೆಗಳು ಕುಟ್ಟುತ್ತಿದ್ದಾಗ ಹೊಸ ಡಿಸ್ಕು ಬರೆದುಕೊಂಡ ಮಾತು ಅದು. ಹಳೆಯ ಡಿಸ್ಕು ನುಂಗಿದ್ದ ಮಾತು. ನಾನು ಒಮ್ಮೆಯೂ ಕೇಳದೆ ತಂದಿದ್ದ ಮಾತು. ಅತ್ತೆಯ ಮುಖ ನೋಡಿದೆ.

ಅತ್ತೆ ಕಣ್ಣು ತೆರೆಯಲಿಲ್ಲ.

“ಇಡು,” ಎಂದಳು. “ಸಕ್ರಿ ಅಳತಿಲೇ ಹಾಕು. ಮತ್ತ ಪಾಯಸಾ ಮಾಡೀಯ.”

ಒಳಗಿನಿಂದ ಲಲಿತಾ, ತನಗೇ ಹೇಳಿದ್ದೆಂದುಕೊಂಡು, “ಹೂನ್ರಿ ಅತ್ತಿ, ಇಟ್ಟೆ,” ಎಂದಳು. ಪಾತ್ರೆಯ ಸದ್ದಾಯಿತು. ಚಹಾ ಬಂತು. ಅತ್ತೆ ಬಸಿಯಲ್ಲಿ ಸುರುವಿಕೊಂಡು ಒಂದು ಗುಟುಕು ಕುಡಿದು, ತಲೆದೂಗಿದಳು.

“ಈ ಸಲ ಸರೀ ಮಾಡ್ಯಾಳ,” ಎಂದಳು. ಯಾರ ಬಗ್ಗೆ ಹೇಳಿದಳೋ ನಾನು ಕೇಳಲಿಲ್ಲ.